ನಲವತ್ತೆಂಟನೆಯ ಗಾಜು

ಆವಲಪ್ಪನಿಗೆ ಗಾಜಿನ ವಿಷಯದಲ್ಲಿ ತಿಳಿಯದ್ದು ಏನೂ ಇರಲಿಲ್ಲ. ಗಾಜನ್ನು ಮುಟ್ಟಿ ಅಭ್ಯಾಸವಿರಲಿಲ್ಲ, ಅಷ್ಟೆ.

ಚಿನ್ನದ ಗಣಿಯ ಕಡೆ ದೊರೆಗಳ ಬಂಗಲೆಗಳಲ್ಲಿ ಅವನು ಆರು ವರ್ಷ ದುಡಿದದ್ದು ಸುಳ್ಳಲ್ಲ. ಅಲ್ಲಿ ಕಿಟಕಿ ಗಾಜು ತೊಳೆಯುವವರ ತಂಡದಲ್ಲಿದ್ದದ್ದೂ ಸುಳ್ಳಲ್ಲ. ಆದರೆ ಆ ಆರು ವರ್ಷವೂ ಅವನ ಕೆಲಸ ಏಣಿ ಹಿಡಿದುಕೊಳ್ಳುವುದಾಗಿತ್ತು. ಮೇಲೆ ನಿಂತು ಗಾಜು ಒರೆಸುವವನ ಅಂಗಾಲು ಅವನಿಗೆ ಚೆನ್ನಾಗಿ ಪರಿಚಯ. ಆ ಮನುಷ್ಯನ ಕೈ ಏನು ಮಾಡುತ್ತಿದೆ ಎಂದು ನೋಡಲು ತಲೆಯೆತ್ತಿದಾಗಲೆಲ್ಲ ಕಣ್ಣಿಗೆ ಸೋಪಿನ ನೀರು ಬೀಳುತ್ತಿದ್ದುದರಿಂದ ಎರಡನೆಯ ವರ್ಷದಿಂದ ತಲೆಯೆತ್ತುವುದನ್ನೇ ಬಿಟ್ಟಿದ್ದ.

ಊರಿಗೆ ಮರಳಿದ ಮೇಲೆ ಈ ಏಣಿಯ ಸಂಗತಿ ಮಾತಿನ ನಡುವೆ ಹೇಗೋ ಉದುರಿಹೋಯಿತು. "ಗಣೀಲಿ ದೊರೆಗಳ ಗಾಜಿನ ಕೆಲ್ಸದಾಗಿದ್ದೆ" ಎಂಬುದಷ್ಟೇ ಉಳಿಯಿತು. ಅದನ್ನು ಅವನ ಹೆಂಡತಿ ಮುನಿಗಂಗಮ್ಮ ಬಾವಿಕಟ್ಟೆಗೆ ತಲುಪಿಸಿದಳು. ಬಾವಿಕಟ್ಟೆಯವರು ಮುಳಬಾಗಿಲು ಪೇಟೆಗೆ ತಲುಪಿಸಿದರು. ಪೇಟೆಯಿಂದ ತಿರುಗಿ ಬರುವ ಹೊತ್ತಿಗೆ ಆವಲಪ್ಪ 'ಗಾಜಿನ ಮೇಸ್ತ್ರಿ' ಆಗಿದ್ದ. ಜನ ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನುವುದು ಒಳ್ಳೆಯ ನಡತೆಯಲ್ಲವೆಂದು ಅವನೂ ಸುಮ್ಮನಿದ್ದ.

ಆ ಹೆಸರೇ ಅವನಿಗೆ ಕೆಲಸ ಕೊಡಿಸಿತು. ಮೂವತ್ತೆಂಟನೆಯ ಇಸವಿಯಲ್ಲಿ ಮುಳಬಾಗಿಲಿನ ಹೊರಗಿದ್ದ ಹಳೆಯ ಪ್ರವಾಸಿ ಬಂಗಲೆಗೆ ಮಾಲೂರಿನ ಹೆಂಚು ಹೊದಿಸಿ, ಎಂಟು ಕಿಟಕಿಗೂ ಆರಾರರಂತೆ ನಲವತ್ತೆಂಟು ಗಾಜು ಕೂರಿಸಿದರು. ಗಾಜು ಬಂದ ಮೇಲೆ ಗಾಜು ಬಲ್ಲವನೊಬ್ಬ ಬೇಡವೇ? ಓವರ್‌ಸಿಯರ್ ಶ್ರೀನಿವಾಸಪ್ಪನವರು ಪೇಟೆಯ ಮಾತು ನಂಬಿ, 'ಗಾಜಿನ ಕೆಲಸದಲ್ಲಿ ಪೂರ್ಣ ಅನುಭವಸ್ಥ' ಎಂದು ಮೇಲಕ್ಕೆ ಬರೆದು, ಆವಲಪ್ಪನನ್ನು ಹಂಗಾಮಿ ಜವಾನನನ್ನಾಗಿ ನೇಮಿಸಿಕೊಂಡರು. ಕೆಲಸದ ಜೊತೆಗೆ ಬಂಗಲೆಯ ಹಿಂದೆ ಎರಡು ಕೋಣೆಯ ಮನೆಯೂ ಸಿಕ್ಕಿತು.

ಆವಲಪ್ಪನಿಗೆ ಸಂಬಳಕ್ಕಿಂತ ಆ ಎರಡು ಕೋಣೆ ಹೆಚ್ಚು. ಅದಕ್ಕೆ ಮುಂಚೆ ಅವನು ಮೂರು ವರ್ಷ ದೇವರಾಯಸಮುದ್ರದಲ್ಲಿ ಹೆಂಡತಿಯ ತವರಿನಲ್ಲಿ ಮನೆಅಳಿಯನಾಗಿದ್ದ. ಅತ್ತೆ ಅಳಿಯನ ಮುಖಕ್ಕೆ ಮುಖ ಕೊಟ್ಟು ಮಾತಾಡಬಾರದು, ಅವನ ಕಣ್ಣಿಗೆ ಬೀಳಬಾರದು ಎಂಬುದು ಆ ಮನೆತನದ ಕಟ್ಟುಪಾಡು. ಅತ್ತೆ ದೊಡ್ಡಗಂಗಮ್ಮ ಅದನ್ನು ಮಗಳ ಮದುವೆಯಾದ ಒಂಬತ್ತು ವರ್ಷದಲ್ಲಿ ಒಂದು ದಿನವೂ ಮೀರಿದವಳಲ್ಲ. ಅಳಿಯನಿಗೆ ಹೇಳಬೇಕಾದದ್ದನ್ನೆಲ್ಲ ಸೆರಗು ಮುಂದಕ್ಕೆಳೆದು, ಬಾಗಿಲ ಮರೆಯಲ್ಲಿ ನಿಂತು, ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದಳು. ಮುಖಕ್ಕೇ ಹೇಳಿದ್ದರೆ ನಾಲ್ಕು ಮಾತಿಗೆ ಮುಗಿಯುತ್ತಿತ್ತೇನೋ. ಕಂಬ ಎದುರಾಡುವುದಿಲ್ಲವಾದ್ದರಿಂದ ನಲವತ್ತಾಗುತ್ತಿತ್ತು.

"ಕಂಬಾ, ಮೂರೊತ್ತು ಮುದ್ದೆ ಮುರಿಯೋರು ಒಂದೊತ್ತಾದ್ರೂ ನೇಗ್ಲು ಹಿಡೀತಾರಾ ಕೇಳು. ಕಂಬಾ, ಗಣೀಲಿ ಚಿನ್ನ ತೆಗ್ಯಕ್ಕೆ ಹೋದೋರು ತಂದಿದ್ದು ಬರೀ ಕೆಮ್ಮು ಅಲ್ವಾ, ಕೇಳು."

ಈಗ ಕೋಲಾರದಿಂದ ಇಂಜಿನಿಯರ್ ಸಾಹೇಬರು ಬಂಗಲೆ ತನಿಖೆಗೆ ಬರುವವರಿದ್ದರು. ಗಾಜು ಹಾಕಿಸಿದ್ದು ಅವರದೇ ಆಸೆ. ಒಳಗೆ ಕುರ್ಚಿಯಲ್ಲಿ ಕೂತರೆ ಆಚೆಯ ಬೆಟ್ಟ ಕಾಣಬೇಕೆಂದು ಅವರ ಅಪ್ಪಣೆ. ಗಾಜು ಒಪ್ಪಿಗೆಯಾದರೆ ಆವಲಪ್ಪ ಕಾಯಂ. ಆಗದಿದ್ದರೆ ಗಂಟುಮೂಟೆ ಕಟ್ಟಿ ಮತ್ತೆ ದೇವರಾಯಸಮುದ್ರ, ಮತ್ತೆ ಆ ಕಂಬ.

ಆಯುಧ ಪೂಜೆಯ ಹಿಂದಿನ ದಿನ ಬೆಂಗಳೂರು ದಂಡುಪ್ರದೇಶದ ಅಂಗಡಿಯಿಂದ ಮೋಟಾರಿನಲ್ಲಿ ಒಂದು ಮರದ ಪೆಟ್ಟಿಗೆ ಬಂದಿಳಿಯಿತು. ಒಳಗೆ ಹುಲ್ಲಿನ ನಡುವೆ ಗಾಜು ಒರೆಸುವ ಮೂರು ಸಾಮಾನು. ಒಂದನ್ನು ಆರಿಸಿಕೊಂಡು ಉಳಿದೆರಡನ್ನು ಹಿಂದಕ್ಕೆ ಕಳಿಸಬೇಕೆಂದು ಕಾಗದವಿತ್ತು. ಅದಕ್ಕೆ ಇಂಗ್ಲಿಷಿನಲ್ಲಿ ಸ್ಕ್ವೀಜಿ ಎಂದು ಹೆಸರು. ಓವರ್‌ಸಿಯರರು ಅದನ್ನು ಎರಡು ಸಲ ಹೇಳಿ ನೋಡಿ, ಮೂರನೆಯ ಸಲಕ್ಕೆ 'ರಬ್ಬರ್ ಪಟ್ಟಿ' ಎಂದರು.

ಮೂರಕ್ಕೂ ಒಂದೊಂದು ಹಿಡಿ, ಹಿಡಿಯ ತುದಿಗೆ ಅಡ್ಡಪಟ್ಟಿ, ಅಡ್ಡಪಟ್ಟಿಯ ಬಾಯಲ್ಲಿ ಕಚ್ಚಿಕೊಂಡ ರಬ್ಬರ್. ದೊಡ್ಡದು ಕಬ್ಬಿಣದ್ದು, ಒಂದು ಮೊಳ ಅಗಲ, ಎರಡು ರಬ್ಬರ್, ಹನ್ನೆರಡು ತಿರುಪು. ನಡುವಿನದೂ ಅದೇ ಜಾತಿ, ಸ್ವಲ್ಪ ಬಡವ. ಚಿಕ್ಕದು ಹಿತ್ತಾಳೆಯದು, ಒಂದೇ ಗೇಣು, ಒಂದೇ ತೆಳು ರಬ್ಬರ್, ಎರಡೇ ತಿರುಪು.

"ಯಾವುದಯ್ಯಾ ಆರಿಸೋದು, ಮೇಸ್ತ್ರಿ?" ಎಂದರು ಓವರ್‌ಸಿಯರರು.

ಆವಲಪ್ಪ ಆ ಸಾಮಾನನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಏಣಿಯ ಬುಡದಿಂದ ನೋಡಿದವನಿಗೆ ಮೇಲಿನದೆಲ್ಲ ದೊಡ್ಡದಾಗಿಯೇ ಕಂಡಿತ್ತು. "ದೊಡ್ಡದೇ ಸ್ವಾಮಿ. ಆ ಹಿತ್ತಾಳೆದು ಮಕ್ಕಳ ಆಟದ ಸಾಮಾನು. ದೊರೆಗಳು ಅಂಥದನ್ನ ಮನೆ ಒಳಕ್ಕೇ ಬಿಟ್ಕೊಳ್ತಿರ್ಲಿಲ್ಲ."

"ನಾನೂ ಅದೇ ಅಂದ್ಕೊಂಡೆ. ಸರ್ಕಾರದ ಗಾಜು! ಸಣ್ಣದ್ರಲ್ಲಿ ಒರೆಸಿದ್ರೆ ಸರ್ಕಾರಕ್ಕೇ ಅವಮಾನ."

ಹೀಗೆ ಇಬ್ಬರು ಅನುಭವಸ್ಥರು ಕೂಡಿ ಆಯ್ಕೆ ಮುಗಿಸಿದರು. ಕಿಟಕಿಯ ಹತ್ತಿರ ಹಿಡಿದು ಅಳೆದು ನೋಡೋಣವೆಂದು ಇಬ್ಬರಿಗೂ ಹೊಳೆಯಲಿಲ್ಲ. ಅಳೆಯುವುದು ತಿಳಿಯದವರ ಲಕ್ಷಣ.

ಮರುದಿನ ಆಯುಧ ಪೂಜೆ. ಮಗಳ ಸಂಸಾರ ನೋಡಿಕೊಂಡು ಹೋಗಲು ದೊಡ್ಡಗಂಗಮ್ಮನೂ ಬಂದಿದ್ದಳು. ಸಾಮಾನನ್ನು ಪೂಜೆಗಿಡುವ ಮುಂಚೆ ಸಜ್ಜು ಮಾಡಬೇಕಲ್ಲ? ಆವಲಪ್ಪ ಬಿಗಿಯಿದ್ದಷ್ಟೂ ಭದ್ರವೆಂದು ದೊಡ್ಡದರ ಹನ್ನೆರಡು ತಿರುಪನ್ನೂ ಹಲ್ಲುಕಚ್ಚಿ ತಿರುಗಿಸಿದ. ರಬ್ಬರಿನ ಅಂಚು ಕರಿದ ಹಪ್ಪಳದಂತೆ ಅಲೆಯಲೆಯಾಯಿತು. ಆಮೇಲೆ ಹರಳೆಣ್ಣೆ ತಂದ. ಕಪಿಲೆ ಹೊಡೆಯುವ ಮನೆಯವರಿಗೆ ಗೊತ್ತು, ಬಾವಿಯಿಂದ ನೀರೆತ್ತುವ ತೊಗಲಿನ ಬಾನಿಗೆ ಹರಳೆಣ್ಣೆ ಕುಡಿಸದಿದ್ದರೆ ಅದು ಬಿರಿಯುತ್ತದೆ. ರಬ್ಬರೂ ನೋಡಲು ತೊಗಲಿನ ಹಾಗೇ ಇತ್ತು. ಮೂರಕ್ಕೂ ಧಾರಾಳವಾಗಿ ಎಣ್ಣೆ ಕುಡಿಸಿ, ಅರಿಶಿನ ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಕೈಮುಗಿದ.

ವಿಜಯದಶಮಿಯ ಬೆಳಿಗ್ಗೆ ಕೆಲಸ ಮೊದಲಾಯಿತು. ಕಿಟಕಿಯ ಒಂದೊಂದು ಗಾಜಿನ ಅಗಲ ಗೇಣಿನ ಮೇಲೆ ನಾಲ್ಕು ಬೆರಳು. ಮೊಳದಗಲದ ಪಟ್ಟಿ ಗಾಜು ಕೂರಿಸಿದ ಕಡ್ಡಿಗಳ ನಡುವೆ ಇಳಿಯಲೇ ಇಲ್ಲ. ಆವಲಪ್ಪ ಅದನ್ನು ನೆಟ್ಟಗೆ ನಿಲ್ಲಿಸಿ, ನೀರು ಚಿಮುಕಿಸಿ, ಪಕ್ಕಕ್ಕೆ ಎಳೆದ. ಎಳೆದ ಕಡೆಯೆಲ್ಲ ಹರಳೆಣ್ಣೆ ಮಂದವಾಗಿ ಬಳಿದುಕೊಂಡಿತು; ಮೇಲೆ ಅರಿಶಿನದ ಗೆರೆ ಬೇರೆ. ಇನ್ನೂ ಒತ್ತಿ ಎಳೆದ. ಇನ್ನೂ ಚೆನ್ನಾಗಿ ಬಳಿದುಕೊಂಡಿತು. ಮಧ್ಯಾಹ್ನದ ಹೊತ್ತಿಗೆ ನಲವತ್ತೆಂಟು ಗಾಜೂ ತುಪ್ಪದಲ್ಲಿ ಅದ್ದಿ ತೆಗೆದಂತಾದವು.

ಓವರ್‌ಸಿಯರರು ಬಂದು, ಒಳಗೆ ಕುರ್ಚಿಯಲ್ಲಿ ಕೂತು, ಹೊರಗೆ ನೋಡಿದರು.

"ಬೆಟ್ಟ ಎಲ್ಲಯ್ಯಾ?"

"ಅಲ್ಲೇ ಐತಲ್ಲ ಸ್ವಾಮಿ."

"ನಿನ್ನೆ ಒಂದಿತ್ತು ಕಣಯ್ಯಾ. ಇವತ್ತು ನಾಲ್ಕೈದಿವೆ. ಎಲ್ಲಾನೂ ಅಲ್ಲಾಡ್ತವೆ."

"ಹೊಸ ಗಾಜು ಸ್ವಾಮಿ, ಇನ್ನೂ ಪಳಗಿಲ್ಲ" ಎಂದ ಆವಲಪ್ಪ. ಮೇಸ್ತ್ರಿಯಾದವನು ಸಾಮಾನಿನ ಮೇಲೆ ತಪ್ಪು ಹಾಕಬಾರದು, ತನ್ನ ಮೇಲಂತೂ ಹಾಕಿಕೊಳ್ಳಲೇಬಾರದು, ಉಳಿದದ್ದು ಗಾಜೊಂದೇ. "ನಾಡಿದ್ದಿಗೆ ದಾರಿಗೆ ಬತ್ತದೆ."

"ನಾಡಿದ್ದು ಹತ್ತು ಗಂಟೆಗೆ ಸಾಹೇಬರು ಬರ್ತಾರೆ. ಅಷ್ಟರೊಳಗೆ ಪಳಗಿಸು. ನಾನು ನಿನ್ನ ಬಗ್ಗೆ ಕೈಯಾರೆ ಬರ್ಕೊಟ್ಟಿದೀನಿ, ಮರೀಬೇಡ."

ಸುದ್ದಿ ಪೇಟೆಗೆ ಹರಡಿತು. ಗಾಜನ್ನೇ ಕಾಣದವರೆಲ್ಲ ಗಾಜಿಗೆ ಔಷಧಿ ತಂದರು. ಒಬ್ಬರು ಬೂದಿ ಎಂದರು, ಇನ್ನೊಬ್ಬರು ಹುಳಿಮಜ್ಜಿಗೆ ಎಂದರು, ತಾಯಲೂರಿನಿಂದ ಸಂತೆಗೆ ಬಂದಿದ್ದ ಮುದುಕನೊಬ್ಬ ಕತ್ತಾಳೆಯ ರಸ ಎಂದ. ಬಂದವರ ಮನಸ್ಸು ಯಾಕೆ ನೋಯಿಸುವುದೆಂದು ಆವಲಪ್ಪ ಕಿಟಕಿಗೊಂದರಂತೆ ಎಲ್ಲವನ್ನೂ ಹಾಕಿ ನೋಡಿದ. ಮಜ್ಜಿಗೆಯ ಕಿಟಕಿಗೆ ನೊಣ ಮುತ್ತಿತು. ಬೂದಿ ಎಣ್ಣೆಯ ಜೊತೆ ಬೆರೆತು ಆ ಕಿಟಕಿ ಗೋಡೆಗೆ ಸಮನಾಯಿತು. ಕತ್ತಾಳೆಯಿಂದ ಗಾಜಿಗೆ ಏನೂ ಆಗಲಿಲ್ಲ, ಆವಲಪ್ಪನ ಮೊಣಕೈವರೆಗೆ ತುರಿಕೆಯೆದ್ದಿತು.

ಹಿಂದಿನ ಮನೆಯ ಬಾಗಿಲ ಮರೆಯಿಂದ ದೊಡ್ಡಗಂಗಮ್ಮನ ದನಿ ಬಂತು. ಆ ಎರಡು ಕೋಣೆಯಲ್ಲಿ ಕಂಬವಿರಲಿಲ್ಲವಾಗಿ ಬೀಸುವ ಕಲ್ಲಿಗೆ ಹೇಳುತ್ತಿದ್ದಳು: "ಸರಿಪೋಯಿಂದಿ, ಸರಿಹೋಯ್ತು! ಕಲ್ಲೇ, ದೇವರಾಯಸಮುದ್ರದಾಗೆ ಇವ್ರು ಮಲಗ್ತಿದ್ದ ಮೂಲೇಲಿ ನಾನು ಹುರುಳಿ ಮೂಟೆ ಇಟ್ಟಿವ್ನಿ. ಈಗ ಅದನ್ನ ಎಲ್ಲಿ ಇಡ್ಲಿ, ಕೇಳು."

ತನಿಖೆಯ ದಿನ ಬೆಳಗಾಯಿತು. ಗಾಜು ಹೇಗಾದರೂ ಇರಲಿ, ಸಾಹೇಬರೆದುರು ಮುಖವಾದರೂ ಚೊಕ್ಕಟವಾಗಿರಲೆಂದು ಆವಲಪ್ಪ ಕ್ಷೌರದ ಗಂಗುಲಪ್ಪನನ್ನು ಕರೆಸಿ ಹೊಂಗೆಮರದ ಕೆಳಗೆ ಕೂತ. ಗಂಗುಲಪ್ಪ ಕೆನ್ನೆಗೆ ನೀರು ತಟ್ಟಿ, ನೊರೆಯೆಬ್ಬಿಸಿ, ಕತ್ತಿಯನ್ನು ಓರೆಯಾಗಿ ಹಿಡಿದು ಮೇಲಿನಿಂದ ಕೆಳಕ್ಕೆ ಒಂದು ಸಲ ಎಳೆದ. ತೋಳಿನ ಬಟ್ಟೆಗೆ ಕತ್ತಿ ಒರೆಸಿದ. ಇನ್ನೊಮ್ಮೆ ಎಳೆದ. ಮತ್ತೆ ಒರೆಸಿದ.

ಸುಮ್ಮನೆ ಕೂರಲಾರದೆ ಆವಲಪ್ಪ ಕೇಳಿದ: "ಅಲ್ಲಣ್ಣಾ, ಎಳೆದಾಗೊಂದು ಸಲ ಒರೆಸ್ತೀಯಲ್ಲ, ಯಾಕೆ?"

"ಒರೆಸ್ದೆ ಎಳೆದ್ರೆ ಆ ನೊರೇನ ಈ ಕಡೆ ಮೆತ್ತಿದಂಗಾಯ್ತದೆ. ಮುಖ ಅಂಗೇ ಇರ್ತದೆ, ನೊರೆ ಊರೆಲ್ಲಾ ಸುತ್ತತದೆ."

"ಮತ್ತೆ ಒತ್ತಲ್ವಾ?"

"ಒತ್ತಿದ್ರೆ ರಕ್ತ ಬತ್ತದೆ ಕಣಪ್ಪಾ. ಕತ್ತಿ ತೂಕವೇ ಸಾಕು."

ಆವಲಪ್ಪ ಬಂಗಲೆಯ ಕಿಟಕಿಗಳ ಕಡೆ ತಿರುಗಿದ. "ಎಣ್ಣೆ? ಕತ್ತಿಗೆ ಎಣ್ಣೆ ಯಾವಾಗ ಹಾಕ್ತೀಯಾ?"

"ಮುಚ್ಚಿಡೋವಾಗ. ಕೆಲ್ಸಕ್ಕೆ ಇಳಿಸೋವಾಗ ಎಣ್ಣೆ ಇರೋ ಕತ್ತಿ ತರೋನು ಯಾವನಾದ್ರೂ ಇದ್ರೆ ಅವನು ಅಡ್ಡಕಸಬಿ."

ಆವಲಪ್ಪ ಎದ್ದುಬಿಟ್ಟ. ಎಡಗೆನ್ನೆ ನುಣ್ಣಗಾಗಿತ್ತು, ಬಲಗೆನ್ನೆಯಲ್ಲಿ ಹದಿನೈದು ದಿನದ ಗಡ್ಡವೂ ನೊರೆಯೂ ಇತ್ತು. "ಅಣ್ಣಾ, ನನ್ನ ಮುಖ ಹಾಳಾಗ್ಲಿ, ಬಂಗ್ಲೆ ಮುಖ ಒಸಿ ನೋಡು ಬಾ!" ಎಂದು ಗಂಗುಲಪ್ಪನ ಕೈಹಿಡಿದು ಎಳೆದುಕೊಂಡು ಹೋದ.

ಗಂಗುಲಪ್ಪ ದೊಡ್ಡ ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಅಂಚನ್ನು ಉಗುರಿನಿಂದ ಸವರಿ, ಕೆಳಗಿಟ್ಟ. "ಇದರ ಬಾಯಿ ಸೊಟ್ಟ. ಎಣ್ಣೆ ಬೇರೆ ಕುಡಿದು ಕೂತೈತೆ. ಬೇರೆ ಇಲ್ವಾ?"

ನಡುವಿನದೂ ಕಡ್ಡಿಗಳ ನಡುವೆ ಇಳಿಯುವಂಥದಲ್ಲ; ಉಳಿದದ್ದು ಹಿತ್ತಾಳೆಯದು, ಅದು ಎಲ್ಲಿತ್ತೆಂಬುದೇ ತೊಡಕು. ಆಯುಧ ಪೂಜೆ ಮುಗಿದ ಕೂಡಲೇ ದೊಡ್ಡಗಂಗಮ್ಮ ಪೆಟ್ಟಿಗೆಯಲ್ಲಿದ್ದ ಹಿತ್ತಾಳೆಯ ಪಟ್ಟಿಯನ್ನು ನೋಡಿದ್ದಳು. ಬೀಸುವ ಕಲ್ಲಿನ ಸುತ್ತ ರಾಗಿಹಿಟ್ಟು ಬಳಿದುಕೊಳ್ಳಲು ಇಷ್ಟು ಒಳ್ಳೆಯ ಸಾಮಾನನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಹಿಟ್ಟಿಗೆ ಹರಳೆಣ್ಣೆ ಹತ್ತಬಾರದೆಂದು ಅದನ್ನು ಸೀಗೆಪುಡಿ ಹಾಕಿ ಬಿಸಿನೀರಿನಲ್ಲಿ ಮೂರು ಸಲ ತೊಳೆದಿದ್ದಳು. ರಬ್ಬರಿನ ತುದಿ ಒಳಗೆ ಸೇರಿಕೊಂಡು ಅಂಚಿನಲ್ಲಿ ಹಿಟ್ಟು ಬಿಡುತ್ತಿದ್ದುದನ್ನು ನೋಡಿ, ಕಾಸಿನ ಅಂಚಿನಿಂದ ಎರಡು ತಿರುಪು ಸಡಿಲಿಸಿ, ರಬ್ಬರನ್ನು ನೇರ ಮಾಡಿ, ಎರಡೂ ಕಡೆ ಅಕ್ಕಿಕಾಳಿನಷ್ಟು ಹೊರಗೆ ಬರುವಂತೆ ಎಳೆದು, ಹದವಾಗಿ ಬಿಗಿದಿದ್ದಳು. ಇಡೀ ಮುಳಬಾಗಿಲಿನಲ್ಲಿ ಸರಿಯಾಗಿ ಸಜ್ಜಾಗಿದ್ದ ರಬ್ಬರ್ ಪಟ್ಟಿ ಅದೊಂದೇ, ಮತ್ತು ಅದು ಅತ್ತೆಯ ಕೈಯಲ್ಲಿತ್ತು.

ಮುನಿಗಂಗಮ್ಮ ನೀರಿಗೆ ಹೋಗಿದ್ದಳು. ನಡುವೆ ಮಾತು ದಾಟಿಸುವವರಿಲ್ಲ. ಆವಲಪ್ಪ ಹಿತ್ತಿಲ ಬಾಗಿಲ ಹೊರಗೆ ನಿಂತು, ಬಾಗಿಲಿಗೇ ಹೇಳಿದ: "ಬಾಗ್ಲೇ, ಆ ಹಿತ್ತಾಳೆದು ಬೇಕಾಗಿತ್ತಂತೆ."

ಒಳಗೆ ಕಲ್ಲು ತಿರುಗುತ್ತಲೇ ಇತ್ತು. "ಕಲ್ಲೇ, ಮೊನ್ನೆ ಮಕ್ಕಳಾಟದ ಸಾಮಾನು ಅಂದೋರ್ಗೆ ಇವತ್ತು ಯಾಕಂತೆ? ಇನ್ನೂ ಮೂರು ಸೇರು ಬೀಸೋದೈತೆ."

"ಬಾಗ್ಲೇ, ಇವತ್ತು ಗಾಜು ಒಪ್ಪಿಗೆ ಆಗ್ದಿದ್ರೆ ಸಾಯಂಕಾಲವೇ ದೇವರಾಯಸಮುದ್ರಕ್ಕೆ ಬಂದ್ಬಿಡ್ಬೇಕಾಯ್ತದಂತೆ. ಕಾಯಮ್ಮಾಗಿ."

ಕಲ್ಲು ಗಕ್ಕನೆ ನಿಂತಿತು. ಮರುಗಳಿಗೆ ಬಾಗಿಲ ಸಂದಿಯಿಂದ ಹಿತ್ತಾಳೆಯ ಪಟ್ಟಿ ಹೊರಗೆ ಬಂತು. ಅದರ ಹಿಂದೆಯೇ ಒಂದು ತಪ್ಪಲೆ ಬಿಸಿ ಸೀಗೆನೀರೂ ಬಂತು. ಅಳಿಯ ಮಾತ್ರವೇ ಅಲ್ಲ, ಅತ್ತೆಯೂ ಆ ಮೂರು ವರ್ಷವನ್ನು ಮರೆತಿರಲಿಲ್ಲ.

ಆಮೇಲೆ ನಡೆದದ್ದು ಕೆಲಸ. ನೀರು ಹೊತ್ತು ಬಂದ ಮುನಿಗಂಗಮ್ಮ ಸೀಗೆನೀರಿನಿಂದ ಎಣ್ಣೆ, ಮಜ್ಜಿಗೆ, ಬೂದಿಗಳನ್ನೆಲ್ಲ ಉಜ್ಜಿ ತೊಳೆದಳು. ಗಂಗುಲಪ್ಪ ಹಿಂದೆ ನಿಂತು, "ಓರೆ ಹಿಡಿ... ಮೇಲಿಂದ... ಒತ್ಬೇಡ... ಒರೆಸ್ಕೋ" ಎಂದು ಹೇಳುತ್ತಾ ಹೋದ. ಆವಲಪ್ಪ ಎಳೆದ, ಒರೆಸಿದ, ಎಳೆದ. ಮೊದಲ ಗಾಜಿನಲ್ಲಿ ಬೆಟ್ಟ ಬಂದು ನಿಂತಿತು, ಒಂದೇ ಬೆಟ್ಟ, ಅಲ್ಲಾಡದೆ. ಆವಲಪ್ಪನ ಕಣ್ಣಲ್ಲಿ ನೀರಾಡಿತು; ಈ ಸಲ ಅದು ಸೋಪಿನದಾಗಿರಲಿಲ್ಲ. ಕೊನೆಯ ಕಿಟಕಿ, ಜಗಲಿಯ ಕಡೆಗಿದ್ದ ಉಗ್ರಾಣದ ಕಿಟಕಿ. ಅದರ ಕೆಳಸಾಲಿನ ನಲವತ್ತೆಂಟನೆಯ ಗಾಜನ್ನು ಎಳೆದು ಮುಗಿಸುವುದಕ್ಕೂ ರಸ್ತೆಯಲ್ಲಿ ಮೋಟಾರಿನ ಹಾರನ್ ಕೂಗುವುದಕ್ಕೂ ಸರಿಹೋಯಿತು. ಉಳಿದರ್ಧ ಗಡ್ಡಕ್ಕೆ ಹೊತ್ತಿರಲಿಲ್ಲ.

ಇತ್ತ ದೊಡ್ಡಗಂಗಮ್ಮನಿಗೆ ಸಾಹೇಬರನ್ನು ನೋಡುವ ಆಸೆಯಾಯಿತು. ಹಿಂಬಾಗಿಲಿನಿಂದ ಉಗ್ರಾಣ ಹೊಕ್ಕು ಕಿಟಕಿಯ ಹಿಂದೆ ನಿಂತಳು. ಎರಡು ದಿನದಿಂದ ಅವಳು ಅಲ್ಲೇ ನಿಂತು ಅಳಿಯನ ಕೆಲಸ ನೋಡುತ್ತಿದ್ದಳು. ಆ ಎಣ್ಣೆಗಾಜಿಗಿಂತ ಒಳ್ಳೆಯ ಮರೆ ಅವಳಿಗೆ ದೇವರಾಯಸಮುದ್ರದಲ್ಲೂ ಸಿಕ್ಕಿರಲಿಲ್ಲ. ಉಗ್ರಾಣದ ಗಾಜನ್ನೂ ಯಾರಾದರೂ ಒರೆಸಿಯಾರೆಂದು ಅವಳಿಗೆ ಹೊಳೆಯಲಿಲ್ಲ. ಹೊರಗಿನವರಿಗೆ ತಾನು ಕಾಣೆನೆಂಬ ಧೈರ್ಯದಲ್ಲಿ ಸೆರಗು ಹೆಗಲಿಗೆ ಇಳಿಸಿ, ಬಾಯಿತುಂಬ ಎಲೆಯಡಿಕೆ ಹೊಗೆಸೊಪ್ಪು ತುಂಬಿಕೊಂಡು, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಂದು ಇಣುಕಿದಳು.

ಸಾಹೇಬರು ಒಳಗೆ ಕುರ್ಚಿಯಲ್ಲಿ ಕೂತು ಬೆಟ್ಟ ನೋಡಿದರು. ಎದ್ದು ಜಗಲಿಗೆ ಬಂದರು. ಉಗ್ರಾಣದ ಕಿಟಕಿಯ ಮುಂದೆ ನಿಂತು ಹುಬ್ಬು ಗಂಟಿಕ್ಕಿದರು.

"ಏನ್ರೀ ಶ್ರೀನಿವಾಸಪ್ಪ, ಈ ಕಿಟಕಿಗೆ ಯಾಕೆ ಗಾಜು ಹಾಕಿಸಿಲ್ಲ?"

"ಹಾಕಿಸಿದ್ದೀನಿ ಸ್ವಾಮಿ."

"ನನ್ನೆದುರಿಗೇ ಸುಳ್ಳಾ? ಗಾಜಿದ್ರೆ ಈಯಮ್ಮ ಹೇಗ್ರೀ ತಲೆ ಆಚೆ ಹಾಕ್ತಿದಾರೆ?" ಎಂದು ಸಾಹೇಬರು ಬೆರಳು ಚಾಚಿದರು. ಬೆರಳಿನ ಉಂಗುರ ಗಾಜಿಗೆ ಬಡಿದು 'ಟಣ್' ಎಂದಿತು.

"ಅಯ್ಯೋ ನಾ ತಲ್ಲೀ, ಕನಪಡ್ತಾ ಉಂಡಾನಾ!" ಎಂದು ಒಳಗೆ ದೊಡ್ಡಗಂಗಮ್ಮ ತೆಲುಗಿನಲ್ಲಿ ಚೀರಿದಳು. ತಾನು ಕಾಣಿಸುತ್ತಿದ್ದೇನೆ, ಅದೂ ಸಾಹೇಬರಿಗೆ, ಓವರ್‌ಸಿಯರರಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಅಳಿಯನಿಗೆ, ಎಂದು ಅವಳಿಗೆ ಆಗ ತಿಳಿಯಿತು.

ಸಾಹೇಬರು ಉಂಗುರ ಸವರಿಕೊಂಡು ಗಾಜಿಗೆ ಮುಖ ಕೊಟ್ಟು ನೋಡಿದರು. ಅವರ ಮುಖದ ಗಂಟು ಸಡಿಲವಾಯಿತು. "ಇದನ್ನ ಒರೆಸಿದ್ದು ಯಾರು?"

"ನಮ್ಮ ಮೇಸ್ತ್ರಿ ಸ್ವಾಮಿ" ಎಂದು ಓವರ್‌ಸಿಯರರು ಆವಲಪ್ಪನನ್ನು ಮುಂದಕ್ಕೆ ತಳ್ಳಿದರು. "ಗಣೀಲಿ ಆರು ವರ್ಷ ಇದೇ ಕೆಲಸ."

ಸಾಹೇಬರು ಅರ್ಧ ಗಡ್ಡದ ಮೇಸ್ತ್ರಿಯನ್ನು ಎರಡೂ ಪಕ್ಕದಿಂದ ನೋಡಿದರು. "ಗಣೀಲಿ ಗಾಜು ಒರೆಸ್ತಿದ್ಯಾ?"

ಆವಲಪ್ಪ ಬಾಯಿ ತೆರೆದ. 'ಹೂಂ' ಎಂಬುದು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಗಾಜಿನ ಆಚೆಯಿಂದ, ಒಂಬತ್ತು ವರ್ಷದಲ್ಲಿ ಮೊದಲ ಸಲ, ಕಂಬಕ್ಕಲ್ಲ, ಕಲ್ಲಿಗಲ್ಲ, ನೇರವಾಗಿ ಅವನ ಮುಖಕ್ಕೇ ಮಾತು ಬಂತು:

"ನಿಜ ಹೇಳಪ್ಪಾ ಅಳಿಯಾ! ಇಷ್ಟು ಮಾನ ಹೋದ್ಮೇಲೆ ಇನ್ನೇನು ಮುಚ್ಚೋದು? ಏಣಿ ಹಿಡ್ಕಂಡಿದ್ದೆ ಅಂತ ಹೇಳು!"

ಓವರ್‌ಸಿಯರರು ಬಿಳಿಚಿಕೊಂಡರು. ಆವಲಪ್ಪ ಗಾಜಿನಾಚೆಯ ಅತ್ತೆಯನ್ನು ನೋಡಿದ. ಹೆಂಡತಿಗೊಬ್ಬಳಿಗೇ ಹೇಳಿದ್ದ ಗುಟ್ಟು ಅತ್ತೆಗೆ ಹೋಗಿ ಎಷ್ಟು ವರ್ಷವಾಗಿತ್ತೋ!

"ಏಣಿ ಹಿಡ್ಕಂಡಿದ್ದೆ ಸ್ವಾಮಿ" ಎಂದ. "ಗಾಜು ಮುಟ್ಟಿದ್ದು ಇಲ್ಲೇ ಮೊದ್ಲು. ಇವತ್ತು ಹೇಳ್ಕೊಟ್ಟೋನು ಈ ಗಂಗುಲಪ್ಪ. ಪಟ್ಟಿ ಸರಿ ಮಾಡಿದ್ದು ನಮ್ಮತ್ತೆ."

ಸಾಹೇಬರು ಗಾಜಿನ ಮೇಲೆ ಬೆರಳೆಳೆದು ನೋಡಿದರು. ಆಮೇಲೆ ಕೇಳಿದರು: "ಆರು ವರ್ಷ ಏಣಿ ಹಿಡಿದ್ಯಲ್ಲ, ಎಷ್ಟು ಜನ ಬಿದ್ರು?"

"ಒಬ್ರೂ ಬಿದ್ದಿಲ್ಲ ಸ್ವಾಮಿ."

"ನನ್ನ ಇಲಾಖೇಲಿ ಅಷ್ಟು ಖಾತ್ರಿಯಾಗಿ ಹೇಳೋರು ಯಾರೂ ಇಲ್ಲ. ಶ್ರೀನಿವಾಸಪ್ಪ, ಇವನನ್ನ ಕಾಯಂ ಅಂತ ಬರ್ಕೊಳ್ಳಿ. ಆ ಸಣ್ಣ ಪಟ್ಟಿ ಇಟ್ಕೊಂಡು ಉಳಿದೆರಡನ್ನ ವಾಪಸ್ ಕಳಿಸಿ. ಲೋ, ನೀನು ಹೋಗಿ ಆ ಇನ್ನರ್ಧ ಗಡ್ಡ ಮುಗಿಸ್ಕೋ."

ಮೋಟಾರು ಹೋದ ಮೇಲೆ ಆವಲಪ್ಪ ಹೊಂಗೆಮರದ ಕೆಳಗೆ ಹೋಗಿ ಕೂತ. ಗಂಗುಲಪ್ಪ ಬಲಗೆನ್ನೆಗೆ ನೀರು ತಟ್ಟಿದಾಗ ಅವನಿಗೆ ಇಡೀ ಜೀವವೇ ತಂಪಾಯಿತು. ಏಣಿಯ ಸಂಗತಿ ಇನ್ನು ಯಾರಿಗೂ ಮುಚ್ಚಿಡಬೇಕಾಗಿರಲಿಲ್ಲ. ಹುರುಳಿ ಮೂಟೆ ದೇವರಾಯಸಮುದ್ರದಲ್ಲಿ ತನ್ನ ಮೂಲೆಯಲ್ಲಿ ನಿಶ್ಚಿಂತೆಯಿಂದ ಇರಬಹುದಾಗಿತ್ತು.

ಆದರೆ ಸುಖವೆಂಬುದು ಪೂರ್ತಿ ಬರುವ ಜಾತಿಯಲ್ಲ. ಕಟ್ಟುಪಾಡು ಒಮ್ಮೆ ಮುರಿದದ್ದೇ ತಡ, ದೊಡ್ಡಗಂಗಮ್ಮ ವಾರಕ್ಕೊಮ್ಮೆ ಸಂತೆಗೆ ಬಂದಾಗಲೆಲ್ಲ ಅಳಿಯನ ಎದುರಿಗೇ ನಿಂತು ಮಾತಾಡತೊಡಗಿದಳು. ಕಂಬಕ್ಕೆ ಹೇಳಿದ್ದನ್ನು ಕೇಳಿಸಿಕೊಳ್ಳದ ಹಾಗೆ ಇರಬಹುದು. ಮುಖಕ್ಕೇ ಹೇಳಿದ್ದಕ್ಕೆ ಉತ್ತರ ಕೊಡಬೇಕಾಗುತ್ತದೆ. ಹಾಗೆ ನೋಡಿದರೆ ಅವಳಿಗೂ ಹಿಂಸೆಯೇ. ಎದುರಿಗೆ ನಿಂತು, ಅಳಿಯನ ಕಣ್ಣು ನೋಡಿಕೊಂಡು ಬಯ್ಯುವುದು ಅವಳಿಗೆ ಒಗ್ಗಿರಲಿಲ್ಲ. ನಾಲ್ಕು ಮಾತಿಗೇ ತಡವರಿಸುತ್ತಿದ್ದಳು. ನಾಲ್ಕನೆಯ ಸಂತೆಯ ದಿನ ಬಂದವಳು ಉಗ್ರಾಣದ ಕಿಟಕಿಯ ಕಡೆ ನೋಡಿದಳು, ಏನೋ ಕಂಡು ಒಳಗೆ ಹೋದಳು, ಸೆರಗು ಸರಿಮಾಡಿಕೊಂಡು ಗಾಜಿನ ಹಿಂದೆ ನಿಂತಳು. ಆಮೇಲೆ ಅವಳ ಮಾತು ಮೊದಲಿನಂತೆ ಸರಾಗವಾಗಿ ಜಗಲಿಯ ಕಂಬಕ್ಕೆ ಹರಿಯಿತು. ಆವಲಪ್ಪ ಆ ಕಂಬಕ್ಕೇ ಒರಗಿ ಸುಖವಾಗಿ ತೂಕಡಿಸಿದ.

ಮುಂದಿನ ತಿಂಗಳು ಓವರ್‌ಸಿಯರರು ಬಂಗಲೆ ಸುತ್ತಿ ನೋಡಲು ಬಂದರು. ನಲವತ್ತೇಳು ಗಾಜು ಇವೆಯೋ ಇಲ್ಲವೋ ಎಂಬಂತೆ ಹೊಳೆಯುತ್ತಿದ್ದವು. ಉಗ್ರಾಣದ ಕಿಟಕಿಯಲ್ಲಿ, ಕೆಳಸಾಲಿನ ಕೊನೆಯ ಗಾಜೊಂದು ಮಾತ್ರ ಮಬ್ಬಾಗಿತ್ತು. ಅವರು ಬೆರಳಿಟ್ಟು ನೋಡಿದರೆ ಹರಳೆಣ್ಣೆಯ ವಾಸನೆ.

"ಇದೊಂದು ಯಾಕಯ್ಯಾ ಹೀಗಿದೆ?"

"ಅದು ಇನ್ನೂ ಪಳಗಿಲ್ಲ ಸ್ವಾಮಿ" ಎಂದ ಆವಲಪ್ಪ.